ಸೆಲ್ಫ್ ಕೈಕೊಟ್ಟ ಹೊತ್ತಿಗೆ

ಮಗಳೇ, ನೀನು ಜಂಪ್ ಸ್ಟಾರ್ಟರ್ ತಗೊಂಡ ವಿಷಯ ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಒಳ್ಳೆಯದೇ ಮಾಡಿದೆ. ಬೆಂಗಳೂರು–ಮಂಗಳೂರು ಅಂತ ಒಬ್ಬಳೇ ಓಡಾಡುವವಳು, ರಾತ್ರಿ ಹೊತ್ತು ಯಾರದೋ ಕಾರಿಗೆ ಕೈ ಅಡ್ಡ ಹಿಡಿದು ವೈರ್ ಕೇಳುವುದಕ್ಕಿಂತ ಇದು ಸಾವಿರ ಪಾಲು ಮೇಲು. ಆದರೆ ಹಾಸನದಲ್ಲಿ ಇಷ್ಟು ವರ್ಷ ಬ್ಯಾಟರಿ ಅಂಗಡಿ ಇಟ್ಟಿದ್ದ ದೊಡ್ಡಪ್ಪ ಇಷ್ಟಕ್ಕೇ ಸುಮ್ಮನಾಗುವುದುಂಟೇ?

ಆ ಡಬ್ಬಿ ಬ್ಯಾಟರಿಯನ್ನು ಚಾರ್ಜ್ ಮಾಡುವುದಿಲ್ಲ. ಇದೊಂದು ತಲೆಗೆ ಹೋದರೆ ಮಿಕ್ಕಿದ್ದೆಲ್ಲ ಸುಲಭ. ಮೇಲೆ 12,000 ಎಂಎಎಚ್ ಅಂತ ದಪ್ಪಕ್ಷರದಲ್ಲಿ ಬರೆದಿರುತ್ತಾರಲ್ಲ, ಅದು ಒಳಗಿನ ಲಿಥಿಯಂ ಸೆಲ್ಲಿನ 3.7 ವೋಲ್ಟಿನ ಲೆಕ್ಕ. ಗುಣಿಸಿ ನೋಡು, 44 ವ್ಯಾಟ್-ಅವರ್ ಚಿಲ್ಲರೆ. ನಿನ್ನ ಕಾರಿನ 35 ಎಎಚ್ ಬ್ಯಾಟರಿ ತುಂಬಿದ್ದರೆ 420. ಹತ್ತರಲ್ಲೊಂದು ಪಾಲಷ್ಟೇ ಇರುವ ಡಬ್ಬಿ ಎಂಜಿನ್ ತಿರುಗಿಸುವುದು ಹೇಗೆ ಅಂತೀಯಾ? ಸಣ್ಣ ಪೆಟ್ರೋಲ್ ಕಾರಿನ ಸೆಲ್ಫ್ ಮೋಟರು ನೂರೈವತ್ತು ಆಂಪಿಯರ್ ಎಳೆದರೂ, ಎಳೆಯುವುದು ಒಂದೆರಡು ಸೆಕೆಂಡು. ಅಷ್ಟಕ್ಕೆ ಒಂದು ವ್ಯಾಟ್-ಅವರ್ ಕೂಡ ಖರ್ಚಾಗುವುದಿಲ್ಲ. ಅಂದರೆ ಡಬ್ಬಿ ಕೊಡುವುದು ಬರೀ ಕೈಸಾಲ. ಎಂಜಿನ್ ಹೊತ್ತಿಕೊಂಡ ಮೇಲೂ ನಿನ್ನ ಬ್ಯಾಟರಿ ಖಾಲಿಯಾಗಿಯೇ ಇರುತ್ತದೆ. ಹೋಟೆಲ್ ಕಂಡಿತು ಅಂತ ಹತ್ತು ನಿಮಿಷದಲ್ಲೇ ಎಂಜಿನ್ ಆಫ್ ಮಾಡಿ ಕಾಫಿಗೆ ಇಳಿದರೆ ಮತ್ತೆ ಅದೇ ಪಾಡು. ‘1000 ಆಂಪ್ ಪೀಕ್’ ಎಂಬ ಜಾಹೀರಾತಿಗೂ ಮರುಳಾಗಬೇಡ. ಅದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಮಾತು. ಡೀಸೆಲ್ ಗಾಡಿಗೂ ಆಗುತ್ತದೆಯೇ, ಎಷ್ಟು ಸಿಸಿವರೆಗೆ ಆಗುತ್ತದೆ ಅಂತ ಬರೆದಿರುತ್ತಾರೆ, ಅದನ್ನು ನೋಡು.

ಡಬ್ಬಿ ಹೊರತೆಗೆಯುವ ಮೊದಲು ಕಿವಿಗೊಟ್ಟು ಕೇಳು. ಕೀ ತಿರುಗಿಸಿದಾಗ ಕಟಕಟ ಸದ್ದು ಬಂದು ಡ್ಯಾಶ್‌ಬೋರ್ಡಿನ ದೀಪ ಮಂಕಾದರೆ ಬ್ಯಾಟರಿ ಡೌನ್. ಸೆಲ್ಫ್ ಗರಗರ ಚೆನ್ನಾಗಿ ತಿರುಗಿಯೂ ಎಂಜಿನ್ ಹಿಡಿಯುತ್ತಿಲ್ಲವೆಂದರೆ ಪೆಟ್ರೋಲೋ ಸ್ಪಾರ್ಕೋ, ಬೇರೇನೋ ತಕರಾರು. ಆಗ ಡಬ್ಬಿಯಿಂದ ಏನೂ ಆಗದು. ಬಾನೆಟ್ ಎತ್ತಿದ ತಕ್ಷಣ ಟರ್ಮಿನಲ್ ಹಿಡಿದು ಅಲ್ಲಾಡಿಸು. ಬಿಳಿ-ಹಸಿರು ಪುಡಿ ಕಟ್ಟಿಕೊಂಡು ಸಡಿಲವಾಗಿದ್ದರೆ, ಅದನ್ನು ತಿರುಚಿ ಬಿಗಿ ಮಾಡಿದರೇ ಗಾಡಿ ಎದ್ದು ಕೂರುವುದುಂಟು. ಅಂಗಡಿಗೆ ‘ಬ್ಯಾಟರಿ ಹೋಯ್ತು’ ಅಂತ ಬಂದವರಲ್ಲಿ ಇಂಥವರು ಕಡಿಮೆಯೇನಿರಲಿಲ್ಲ. ಬ್ಯಾಟರಿ ಉಬ್ಬಿದ್ದರೆ, ಬಿರುಕು ಬಿಟ್ಟು ಆಸಿಡ್ ಸೋರುತ್ತಿದ್ದರೆ ಮುಟ್ಟಲೇಬೇಡ.

ಕೆಂಪು ಕ್ಲಿಪ್ ಪ್ಲಸ್ಸಿಗೆ. ಕಪ್ಪು ಕ್ಲಿಪ್ಪನ್ನು ಬ್ಯಾಟರಿಯಿಂದ ತುಸು ದೂರ, ಎಂಜಿನ್ನಿನ ಬಣ್ಣವಿಲ್ಲದ ಬೋಲ್ಟಿಗೆ ಕಚ್ಚಿಸು. ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಕಿಡಿ ಹಾರಿದರೆ ಮುಖದ ಹತ್ತಿರ ಹಾರಬಾರದು. ಕೇಬಲ್ಲನ್ನು ಡಬ್ಬಿಗೆ ಚುಚ್ಚುವುದು ಕ್ಲಿಪ್ ಹಾಕುವ ಮೊದಲೋ ಆಮೇಲೋ ಎಂಬುದು ಕಂಪನಿಗೊಂದು ರೀತಿ. ಕೈಪಿಡಿಯನ್ನು ಮನೆಯಲ್ಲೇ ಓದಿಕೋ, ಮಳೆಯಲ್ಲಿ ನಿಂತು ಓದಲಾಗುವುದಿಲ್ಲ. ಸೆಲ್ಫ್ ಒತ್ತುವುದು ಮೂರ್ನಾಲ್ಕು ಸೆಕೆಂಡು ಸಾಕು. ಆಗಲಿಲ್ಲವೇ, ಒಂದು ನಿಮಿಷ ಬಿಡು. ಸ್ಟಾರ್ಟ್ ಆಯಿತೋ, ಕ್ಲಿಪ್ ತಕ್ಷಣ ತೆಗೆ. ಆಲ್ಟರ್ನೇಟರಿನ 14 ವೋಲ್ಟು ಆ ಪುಟ್ಟ ಡಬ್ಬಿಗೆ ಹಿಂದಕ್ಕೆ ನುಗ್ಗಬಾರದು.

ಈಗ ‘ಬೂಸ್ಟ್’ ಗುಂಡಿಯ ವಿಷಯ. ಇದನ್ನು ಹೇಳಲೆಂದೇ ಬರೆಯಲು ಕೂತದ್ದು. ಬ್ಯಾಟರಿ ತೀರಾ ಸತ್ತು ಎರಡು ಮೂರು ವೋಲ್ಟಿಗೆ ಇಳಿದಿದ್ದರೆ, ಕ್ಲಿಪ್ಪಿನೊಳಗಿನ ಸರ್ಕ್ಯೂಟಿಗೆ ಅಲ್ಲೊಂದು ಬ್ಯಾಟರಿ ಇದೆ ಎಂದೇ ಗೊತ್ತಾಗುವುದಿಲ್ಲ. ಕರೆಂಟು ಬಿಡುವುದಿಲ್ಲ. ಬೂಸ್ಟ್ ಒತ್ತಿದರೆ ಬಲವಂತವಾಗಿ ಬಿಡುತ್ತದೆ. ಬಹಳಷ್ಟು ಡಬ್ಬಿಗಳಲ್ಲಿ ಆ ಹೊತ್ತಿಗೆ ಪ್ಲಸ್-ಮೈನಸ್ ಅದಲುಬದಲಾದರೆ ತಡೆಯುವ ಕಾವಲೂ ಇರುವುದಿಲ್ಲ, ಕ್ಲಿಪ್ಪುಗಳು ಒಂದಕ್ಕೊಂದು ತಗುಲಿದರೆ ಕಾಪಾಡುವುದೂ ಇಲ್ಲ. ತಪ್ಪಿದರೆ ಎಂಜಿನ್ನಿನ ಕಂಪ್ಯೂಟರು, ಅಂದರೆ ಇಸಿಯು, ಸುಡಬಹುದು, ಡಬ್ಬಿಗೇ ಬೆಂಕಿ ಹತ್ತಬಹುದು. ಒತ್ತುವ ಮುನ್ನ ಮೊಬೈಲ್ ಟಾರ್ಚ್ ಹಾಕಿ ಮತ್ತೊಮ್ಮೆ ನೋಡು. ಗುರುತು ಅಳಿಸಿಹೋಗಿದ್ದರೆ ಕಾರಿನ ಬ್ಯಾಟರಿಯ ಎರಡು ಕಂಬಗಳನ್ನು ಹೋಲಿಸು: ಪ್ಲಸ್ಸಿನದು ಕೊಂಚ ದಪ್ಪ.

ನಿನ್ನ ತಮ್ಮನಿಗೂ ಇದನ್ನು ಓದಿ ಹೇಳು, ಅವನ ಬೈಕಿಗೂ ನಿನ್ನ ಡಬ್ಬಿಯನ್ನೇ ಕೇಳುತ್ತಾನೆ. 2020ರಲ್ಲಿ ಬಿಎಸ್6 ನಿಯಮ ಬಂದಾಗಿನಿಂದ ಹೊಸ ಗಾಡಿಗಳು ಬಹುಪಾಲು ಇಂಜೆಕ್ಷನ್. ಬಹಳ ಬೈಕುಗಳಲ್ಲಿ ಕಿಕ್ಕರೂ ಇಲ್ಲ. ಕೀ ಆನ್ ಮಾಡಿದಾಗ ಟ್ಯಾಂಕಿನೊಳಗಿನ ಪಂಪು ‘ಜೂಂ’ ಅನ್ನದಿದ್ದರೆ ಗೆಳೆಯರೆಲ್ಲ ಸೇರಿ ತಳ್ಳಿದರೂ ಬರೀ ಬೆವರು. ಸ್ಕೂಟರನ್ನಂತೂ ತಳ್ಳಿ ಸ್ಟಾರ್ಟ್ ಮಾಡಲಾಗದು, ನಿನ್ನ ಆಟೋಮ್ಯಾಟಿಕ್ ಕಾರೂ ಅಷ್ಟೇ. ಬೈಕಿನ ಸೀಟಿನಡಿ ಟರ್ಮಿನಲ್ಲುಗಳು ಒತ್ತೊತ್ತಾಗಿರುತ್ತವೆ, ಕಾರಿನ ಕ್ಲಿಪ್ಪಿನ ಬಾಯಿ ದೊಡ್ಡದು. ಕೆಂಪು ಕ್ಲಿಪ್ಪಿನ ಒಂದು ಹಲ್ಲು ಫ್ರೇಮಿಗೆ ತಾಗಿದರೂ ಶಾರ್ಟ್. ಮಧ್ಯೆ ಒಂದು ತುಂಡು ಟ್ಯೂಬ್ ರಬ್ಬರ್ ಇಡಲು ಹೇಳು. ನಿಮ್ಮ ತಾತನ ಹಳೇ ಜಾವಾ ಹಿತ್ತಲಲ್ಲಿದೆಯಲ್ಲ, ಅದಕ್ಕೆ ಮಾತ್ರ ಈ ಡಬ್ಬಿ ತಾಗಿಸಬೇಡಿ, ಅದು 6 ವೋಲ್ಟಿನದು. ಅದಕ್ಕೆ ಬೇಕಾಗಿಯೂ ಇಲ್ಲ. ಮೈಸೂರಿನ ಐಡಿಯಲ್ ಜಾವಾದವರು ಗೇರಿನ ಲಿವರನ್ನೇ ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರ್ ಆಗುವಂತೆ ಮಾಡಿದ್ದರು. ಸೆಲ್ಫ್ ಎಂಬ ಸೋಮಾರಿತನ ಆಗ ಇರಲಿಲ್ಲ.

ಸ್ಟಾರ್ಟ್ ಆದ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಕೆಂಪು ದೀಪ ಆರದೆ ಉಳಿಯಿತೋ, ಹೋಗಬೇಕಾದದ್ದು ಹತ್ತಿರದ ಗ್ಯಾರೇಜಿಗೆ, ಘಾಟಿಗಲ್ಲ. ಆಲ್ಟರ್ನೇಟರ್ ಕೆಲಸ ಮಾಡುತ್ತಿಲ್ಲವೆಂದು ಅರ್ಥ. ಚಾರ್ಮಾಡಿಯ ತಿರುವಿನಲ್ಲಿ ಮಂಜು, ಕತ್ತಲೆ, ಹೆಡ್‌ಲೈಟು ಮಂಕಾಗುತ್ತ ಎಂಜಿನ್ ನಿಂತುಹೋದರೆ ಫೋನಿಗೆ ಸಿಗ್ನಲ್ಲೂ ಸಿಕ್ಕೀತು ಅನ್ನುವಂತಿಲ್ಲ.

ಡಬ್ಬಿಯನ್ನು ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟು ಹೋಗಬೇಡ. ಬಿಸಿಲಲ್ಲಿ ನಿಂತ ಕಾರಿನ ಒಳಗು 60 ಡಿಗ್ರಿ ಮುಟ್ಟಬಹುದು, ಲಿಥಿಯಂ ಅದನ್ನು ಸಹಿಸುವುದಿಲ್ಲ. ಲ್ಯಾಪ್‌ಟಾಪ್ ಚೀಲದಲ್ಲೇ ಇರಲಿ. ಬಳಸದಿದ್ದರೂ ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡು. ಬೇಕಾದಾಗ ಅದೇ ಖಾಲಿಯಾಗಿದ್ದರೆ ನಗುವವರು ಜಾಸ್ತಿ. ಹೊಟ್ಟೆ ಉಬ್ಬಿದ್ದರೆ ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಟ್ಟುಬಿಡು. ವಿಮಾನದಲ್ಲಾದರೆ ಕೈಚೀಲದಲ್ಲಿ ಮಾತ್ರ.

ಇನ್ನು, ಬ್ಯಾಟರಿ ಯಾಕೆ ಸತ್ತಿತು ಎಂದು ಹುಡುಕದೆ ಎರಡನೇ ಸಲ ಡಬ್ಬಿ ಹಾಕಬೇಡ. ಕೆಲವು ನೂರು ರೂಪಾಯಿಗೆ ಮಲ್ಟಿಮೀಟರ್ ಸಿಗುತ್ತದೆ. ಬೆಳಿಗ್ಗೆ ಗಾಡಿ ಮುಟ್ಟುವ ಮೊದಲು 12.6 ತೋರಿಸಿದರೆ ಬ್ಯಾಟರಿ ತುಂಬಿದೆ, 12.2 ಅಂದರೆ ಅರ್ಧ. ಎಂಜಿನ್ ಓಡುವಾಗ 13.8ರಿಂದ 14.4ರೊಳಗೆ ಇದ್ದರೆ ಆಲ್ಟರ್ನೇಟರ್ ಸರಿಯಿದೆ. ಎರಡೂ ಸರಿಯಿದ್ದು ನಾಲ್ಕು ದಿನ ನಿಲ್ಲಿಸಿದ್ದಕ್ಕೇ ಡೌನ್ ಆದರೆ, ನೀನು ಆಮೇಲೆ ಹಾಕಿಸಿದ ಡ್ಯಾಶ್‌ಕ್ಯಾಮೋ ಜಿಪಿಎಸ್ಸೋ ರಾತ್ರಿಯಿಡೀ ಹೀರುತ್ತಿರಬಹುದು. ಹೊಸ ಬ್ಯಾಟರಿ ಮಾರುವವನು ಇದನ್ನು ಹೇಳುವುದಿಲ್ಲ. ನನಗೀಗ ಅಂಗಡಿ ಇಲ್ಲ, ಹೇಳಬಹುದು. ನಿಜಕ್ಕೂ ಬ್ಯಾಟರಿಗೇ ವಯಸ್ಸಾಗಿದ್ದರೆ ಬದಲಿಸು. ಹಳೆಯದರಲ್ಲಿ ಸೀಸವಿದೆ, ಅದಕ್ಕೆ ಬೆಲೆಯಿದೆ. ಅದರ ದುಡ್ಡು ಕಳೆದು ಹೊಸದಕ್ಕೆ ಬಿಲ್ ಹಾಕಿಸಿಕೋ, ವಾರಂಟಿ ಕಾರ್ಡಿಗೆ ತಾರೀಕು, ಸೀಲು ಎರಡೂ ಬಿದ್ದಿವೆಯೇ ಅಂತ ಅಲ್ಲೇ ನೋಡಿ ಬಾ.