ಲಾಟರಿಯ ಲೆಕ್ಕ: ಗೆಲ್ಲುವವರು ಯಾರು?

ಪ್ರತಿ ಡೆಬಿಟ್‌ಗೂ ಸಮನಾದ ಕ್ರೆಡಿಟ್ ಇರಬೇಕು ಎಂಬುದು ಲೆಕ್ಕಶಾಸ್ತ್ರದಲ್ಲಿ ನಾವು ಕಲಿಯುವ ಮೊದಲ ಪಾಠ. ಒಬ್ಬರಿಗೆ ಬಂದ ಹಣ ಇನ್ನೊಬ್ಬರ ಜೇಬಿನಿಂದಲೇ ಹೋಗಿರುತ್ತದೆ. ಲಾಟರಿಯಲ್ಲಿ ಗೆದ್ದವರ ಫೋಟೊ ಪತ್ರಿಕೆಯಲ್ಲಿ ಬರುತ್ತದೆ, ಕಳೆದುಕೊಂಡವರದು ಬರುವುದಿಲ್ಲ. ಆದ್ದರಿಂದ ಲಾಟರಿಯ ಎರಡೂ ಬದಿಗಳನ್ನು ಬರೆದು ನೋಡೋಣ.

ಸರ್ಕಾರಿ ಲಾಟರಿ ಬಂದ ಬಗೆ

ಸ್ವಾತಂತ್ರ್ಯಾನಂತರ ಸರ್ಕಾರಿ ಲಾಟರಿಯಲ್ಲಿ ದಾರಿ ತೋರಿಸಿದ್ದು ಕೇರಳ. ಅಲ್ಲಿ 1967ರಲ್ಲಿ ಲಾಟರಿ ಇಲಾಖೆ ಆರಂಭವಾಯಿತು. 1968ರ ಜನವರಿ 26ರಂದು ಮೊದಲ ಡ್ರಾ ನಡೆಯಿತು. ಟಿಕೆಟ್ ಬೆಲೆ 1 ರೂಪಾಯಿ, ಮೊದಲ ಬಹುಮಾನ 50,000 ರೂಪಾಯಿ. ಮುಂದೆ ನಮ್ಮ ರಾಜ್ಯವೂ ಸೇರಿದಂತೆ ಹಲವು ರಾಜ್ಯಗಳು ಇದೇ ದಾರಿ ಹಿಡಿದವು. ತೆರಿಗೆ ಹಾಕಿದರೆ ಜನ ಬೇಸರಪಡುತ್ತಾರೆ, ಲಾಟರಿ ಟಿಕೆಟ್‌ಗೆ ತಾವಾಗಿಯೇ ಹಣ ಕೊಡುತ್ತಾರೆ.

2000ದ ದಶಕದ ಆರಂಭದಲ್ಲಿ ಆನ್‌ಲೈನ್ ಲಾಟರಿ ಬಂತು. ಸಿಕ್ಕಿಂ ಸರ್ಕಾರದ ಹೆಸರಿನಲ್ಲಿ ನಡೆದ 'ಪ್ಲೇವಿನ್' ಇದಕ್ಕೆ ಉದಾಹರಣೆ. ಅಂಗಡಿಯಲ್ಲಿಟ್ಟ ಯಂತ್ರದಲ್ಲಿ ನಾವೇ ಸಂಖ್ಯೆಗಳನ್ನು ಆರಿಸಿ ಚೀಟಿ ಪಡೆಯಬಹುದಿತ್ತು. 49 ಸಂಖ್ಯೆಗಳಲ್ಲಿ 6ನ್ನು ಆರಿಸುವ ಆಟವಾದರೆ ಸಾಧ್ಯವಿರುವ ಜೋಡಣೆಗಳು 1,39,83,816. ಗೆಲ್ಲುವುದು ಅವುಗಳಲ್ಲಿ ಒಂದೇ.

ಕಾನೂನು ಏನು ಹೇಳುತ್ತದೆ?

1998ರ ಲಾಟರಿ ನಿಯಂತ್ರಣ ಕಾಯ್ದೆಯ ಪ್ರಕಾರ ಟಿಕೆಟ್ ಮೇಲೆ ರಾಜ್ಯದ ಮುದ್ರೆ ಇರಬೇಕು, ಡ್ರಾವನ್ನು ರಾಜ್ಯವೇ ನಡೆಸಬೇಕು. ಒಂದಂಕಿ ಲಾಟರಿ ನಿಷಿದ್ಧ. ಒಂದು ರಾಜ್ಯ ಬೇರೆ ರಾಜ್ಯಗಳ ಟಿಕೆಟ್ ಮಾರಾಟವನ್ನು ತಡೆಯಬಹುದು. ಆದರೆ ತಾನು ಲಾಟರಿ ನಡೆಸುತ್ತಾ ಇತರರದನ್ನು ಮಾತ್ರ ತಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ಹೇಳಿತು. ಸರ್ಕಾರ ನಡೆಸಿದರೂ ಲಾಟರಿ ಜೂಜೇ ಎಂದೂ ಆ ತೀರ್ಪಿನಲ್ಲಿದೆ.

ಹೀಗಾಗಿ ಕರ್ನಾಟಕ 2007ರ ಏಪ್ರಿಲ್ 1ರಿಂದ ತನ್ನದೂ ಸೇರಿದಂತೆ ಎಲ್ಲ ಲಾಟರಿಗಳನ್ನೂ ನಿಲ್ಲಿಸಿತು. ಆಗ ಮುಖ್ಯಮಂತ್ರಿಯಾಗಿದ್ದವರು ನಮ್ಮ ಹಾಸನ ಜಿಲ್ಲೆಯವರೇ ಆದ ಎಚ್.ಡಿ. ಕುಮಾರಸ್ವಾಮಿ. ಸರ್ಕಾರಕ್ಕೆ ಆದಾಯ ತಪ್ಪಿತು, ಟಿಕೆಟ್ ಮಾರಿ ಬದುಕುತ್ತಿದ್ದವರಿಗೆ ಕೆಲಸ ಹೋಯಿತು. ಆದರೆ ಕೂಲಿ ಹಣ ಮನೆಗೆ ಬರುವ ಮೊದಲೇ ಲಾಟರಿ ಅಂಗಡಿಯಲ್ಲಿ ಖಾಲಿಯಾಗುವುದು ತಪ್ಪಿತು. ಕಳ್ಳ ವ್ಯಾಪಾರ ಮಾತ್ರ ಪೂರ್ತಿ ಹೋಗಲಿಲ್ಲ. 2015ರಲ್ಲಿ ಒಂದಂಕಿ ಲಾಟರಿ ಹಗರಣ ಬೆಳಕಿಗೆ ಬಂದು ತನಿಖೆ ಸಿಬಿಐಗೆ ಹೋಯಿತು.

ಒಂದು ಬಂಪರ್‌ನ ಲೆಕ್ಕ

2024ರ ಅಕ್ಟೋಬರ್‌ನಲ್ಲಿ ಕೇರಳದ ತಿರುವೋಣಂ ಬಂಪರ್‌ನ 25 ಕೋಟಿ ರೂಪಾಯಿ ಪಕ್ಕದ ಮಂಡ್ಯ ಜಿಲ್ಲೆಯವರೊಬ್ಬರಿಗೆ ಬಂತು. ನಮ್ಮ ಕಡೆಯಲ್ಲೂ ಎಲ್ಲರ ಬಾಯಲ್ಲೂ ಅದೇ ಮಾತು. ಈಗ ಲೆಕ್ಕ ಮಾಡೋಣ. ಟಿಕೆಟ್ ಬೆಲೆ 500 ರೂಪಾಯಿ. ಮಾರಾಟವಾದದ್ದು 71 ಲಕ್ಷಕ್ಕೂ ಹೆಚ್ಚು. 71 ಲಕ್ಷ ಎಂದೇ ಹಿಡಿದರೂ ಜನ ಕೊಟ್ಟದ್ದು 355 ಕೋಟಿ. ಅದರಲ್ಲಿ ಮೊದಲ ಬಹುಮಾನದ ಪಾಲು ಶೇ. 7 ಮಾತ್ರ. ಆಗಿನ ಶೇ. 28 ಜಿಎಸ್‌ಟಿ ಟಿಕೆಟ್ ಬೆಲೆಯೊಳಗೇ ಸೇರಿದ್ದರಿಂದ, ಒಂದು ಟಿಕೆಟ್‌ಗೆ ಸುಮಾರು 109 ರೂಪಾಯಿ ತೆರಿಗೆ. ಒಟ್ಟು 77 ಕೋಟಿಗೂ ಹೆಚ್ಚು, ಅಂದರೆ ಮೊದಲ ಬಹುಮಾನದ ಮೂರು ಪಟ್ಟು! ಗೆದ್ದವರ ಹಣದಿಂದಲೂ ಶೇ. 30 ಆದಾಯ ತೆರಿಗೆ ಮುರಿದುಕೊಳ್ಳುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಲಾಟರಿಯ ಜಿಎಸ್‌ಟಿ ಶೇ. 40 ಆಗಿದೆ.

ಗೆಲ್ಲುವ ಸಾಧ್ಯತೆ ಎಷ್ಟು? 71 ಲಕ್ಷ ಸೆಕೆಂಡುಗಳೆಂದರೆ ಸುಮಾರು 82 ದಿನ. ಆ 82 ದಿನಗಳಲ್ಲಿ ಯಾರೋ ಮನಸ್ಸಿನಲ್ಲಿಟ್ಟುಕೊಂಡ ಒಂದೇ ಒಂದು ಸೆಕೆಂಡನ್ನು ನಾವು ಸರಿಯಾಗಿ ಹೇಳಬೇಕು. ನಮ್ಮ ಮನೆಯಲ್ಲಿ 'ನಸೀಬ್' ಎನ್ನುವುದು, ಕನ್ನಡದಲ್ಲಿ 'ಅದೃಷ್ಟ' ಎನ್ನುವುದು ಇದನ್ನೇ.

ಒಳ್ಳೆಯದು ಏನೂ ಇಲ್ಲವೇ?

ಇದೆ. ಕೇರಳದಲ್ಲಿ 'ಕಾರುಣ್ಯ' ಲಾಟರಿಯ ಹಣ ಬಡರೋಗಿಗಳ ಚಿಕಿತ್ಸೆಗೆ ಹೋಗಿದೆ. ಟಿಕೆಟ್ ಮಾರಿ ಬದುಕುವ ಅಂಗವಿಕಲರೂ ಅಲ್ಲಿದ್ದಾರೆ. ಆದರೆ ಬಡವರ ಚಿಕಿತ್ಸೆಗೆ ಬಡವರ ಕೂಲಿಯಿಂದಲೇ ಹಣ ಎತ್ತಬೇಕೇ ಎಂಬ ಪ್ರಶ್ನೆ ಉಳಿಯುತ್ತದೆ. ಕುರ್‌ಆನ್ ಜೂಜನ್ನು 'ಮೈಸಿರ್' ಎಂದು ಕರೆಯುತ್ತದೆ. ಆ ಪದದ ಮೂಲದಲ್ಲಿ 'ಸುಲಭ' ಎಂಬ ಅರ್ಥವಿದೆ. ಅದರಲ್ಲಿ ಸ್ವಲ್ಪ ಲಾಭವಿದ್ದರೂ ಕೇಡೇ ದೊಡ್ಡದು ಎಂಬುದು ಅಲ್ಲಿನ ಬೋಧನೆ. ಪಗಡೆಯಲ್ಲಿ ರಾಜ್ಯ ಕಳೆದುಕೊಂಡ ಧರ್ಮರಾಯನ ಕಥೆ ಹೇಳುವುದೂ ಇದನ್ನೇ.

ಈಗ ಅಂಗಡಿ ಮೊಬೈಲ್‌ನಲ್ಲಿದೆ

ಅಂಗಡಿಗೆ ಬೀಗ ಬಿದ್ದರೂ ಮೊಬೈಲ್ ತೆರೆದೇ ಇದೆ. 'ಕೇರಳ ಲಾಟರಿ ಆನ್‌ಲೈನ್‌ನಲ್ಲಿ ಕೊಳ್ಳಿ' ಎಂಬ ಜಾಹೀರಾತು ಮೋಸ, ಏಕೆಂದರೆ ಕೇರಳ ಸರ್ಕಾರ ಕಾಗದದ ಟಿಕೆಟ್ ಮಾತ್ರ ಮಾರುತ್ತದೆ. 'ನಿಮಗೆ 25 ಲಕ್ಷ ಬಂದಿದೆ, ಮೊದಲು ಶುಲ್ಕ ಕಟ್ಟಿ' ಎಂಬ ಸಂದೇಶವೂ ಮೋಸವೇ. ಕೊಳ್ಳದ ಟಿಕೆಟ್‌ಗೆ ಬಹುಮಾನ ಬರುವುದಿಲ್ಲ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿದೆ.

ಆಲೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ದಿನಗೂಲಿ ಮಾಡುವವರ ಮಕ್ಕಳು ನಮ್ಮ ತರಗತಿಗಳಲ್ಲೂ ಇದ್ದಾರೆ. ದಿನಕ್ಕೆ 50 ರೂಪಾಯಿ ಲಾಟರಿಗೆ ಹಾಕುವ ಬದಲು ಡಬ್ಬಿಗೆ ಹಾಕಿದರೆ, ಬಡ್ಡಿಯ ಮಾತೇ ಇಲ್ಲದೆ 5 ವರ್ಷಕ್ಕೆ 91,250 ರೂಪಾಯಿ ಆಗುತ್ತದೆ. ಒಂದು ಮಗುವಿನ ಪದವಿ ಓದಿಗೆ ಇದು ದೊಡ್ಡ ಆಸರೆ. ಕಾಮರ್ಸ್ ಓದುವ ನಾವು ಈ ಲೆಕ್ಕವನ್ನು ಪರೀಕ್ಷೆಗಷ್ಟೇ ಇಟ್ಟುಕೊಳ್ಳದೆ ಮನೆಯಲ್ಲೂ ಹೇಳೋಣ.