ಕ್ಯಾಪ್ ಹಾಕಿಸಿದ ಹಲ್ಲು ಕಾಟ ಕೊಟ್ಟರೆ

ಹೊಸಕೋಟೆಯಲ್ಲಿ ಬೆಳಗಿನ ಜಾವವೇ ದಮ್ ಬಿರಿಯಾನಿಗೆ ಸಾಲು ನಿಲ್ಲುವವರಿಗೆ ಮೊದಲ ಮಾತು: ಕ್ಯಾಪ್ ಅಂಟಿಸಿಕೊಂಡ ದಿನ ಮೂಳೆ ಕಡಿಯಬೇಡಿ. ಅವತ್ತಿಗೆ ರಾಗಿಮುದ್ದೆಯೇ ಸರಿ, ಅಗಿಯುವ ಗೋಜೇ ಇಲ್ಲ. ಸಾರು ಮಾತ್ರ ಆರಿರಲಿ.

ಹಂತ 1: ನೋವು ಯಾವ ಬಗೆಯದು ನೋಡಿ. ರೂಟ್ ಕೆನಾಲ್ ಮಾಡದೆ ಕ್ಯಾಪ್ ಹಾಕಿದ್ದರೆ ಒಳಗೆ ನರ ಜೀವಂತವಾಗಿರುತ್ತದೆ, ತಣ್ಣೀರಿಗೆ ಜುಮ್ಮೆನ್ನುತ್ತದೆ. ಒಂದೆರಡು ವಾರದಲ್ಲಿ ತಗ್ಗಿದರೆ ಚಿಂತೆಯಿಲ್ಲ. ಬಿಸಿ ಕಾಫಿ ಕುಡಿದು ಮುಗಿಸಿದರೂ ನೋವು ನಿಲ್ಲದಿದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ ಕಾಯಬೇಡಿ. ರೂಟ್ ಕೆನಾಲ್ ಆದ ಹಲ್ಲೇ ತಣ್ಣೀರಿಗೆ ಜುಮ್ಮೆಂದಂತಾದರೆ ಪಕ್ಕದ ಹಲ್ಲನ್ನೂ ಅನುಮಾನಿಸಿ.

ಹಂತ 2: ಮೆಲ್ಲಗೆ ಹಲ್ಲು ಕೂಡಿಸಿ. ಕ್ಯಾಪ್ ಹಾಕಿದ ಹಲ್ಲೇ ಮೊದಲು ತಾಗುತ್ತಿದೆಯೇ? ಹಾಗಾದರೆ ಕ್ಯಾಪ್ ಎತ್ತರವಾಗಿದೆ. ಹೊಸ ಚಪ್ಪಲಿಯಂತೆ ತಾನೇ ಹೊಂದಿಕೊಳ್ಳುತ್ತೆ ಅನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಅವರ ಮಾತು ಕೇಳಿಕೊಂಡು ತಿಂಗಳುಗಟ್ಟಲೆ ನರಳಬೇಡಿ. ಜಿರ್ಕೋನಿಯಾ ಕ್ಯಾಪ್ ಅಷ್ಟು ಸುಲಭಕ್ಕೆ ಸವೆಯುವುದಿಲ್ಲ, ನೋಯುವುದು ಹಲ್ಲಿನ ಬೇರು. ಮರಗಟ್ಟಿದ ಬಾಯಲ್ಲಿ ಕಚ್ಚಿ ನೋಡಿ ‘ಸರಿ ಇದೆ ಸಾರ್’ ಅಂದುಬಿಟ್ಟಿರುತ್ತೇವೆ, ಎಡವಟ್ಟು ಅಲ್ಲೇ. ಮರುದಿನ ಹೋಗಲು ಸಂಕೋಚ ಬೇಡ. ಡಾಕ್ಟರು ಬಣ್ಣದ ಕಾಗದ ಕಚ್ಚಿಸಿ, ಗುರುತು ಬಿದ್ದ ಕಡೆ ತುಸು ಉಜ್ಜುತ್ತಾರೆ. ಕೆಲವೇ ನಿಮಿಷದ ಕೆಲಸ.

ಹಂತ 3: ಕ್ಯಾಪ್ ಕಳಚಿ ಬಂದರೆ ತೊಳೆದು ಡಬ್ಬಿಯಲ್ಲಿಡಿ. ಫೆವಿಕ್ವಿಕ್ ಹಚ್ಚಲೇಬೇಡಿ. ಸಡಿಲವಾದ ಕ್ಯಾಪ್ ಬಾಯಲ್ಲಿಟ್ಟುಕೊಂಡು ಮಲಗಬೇಡಿ, ಶ್ವಾಸನಾಳಕ್ಕೆ ಇಳಿದೀತು. ನುಂಗಿದ ಮೇಲೆ ಕೆಮ್ಮು, ಏದುಸಿರು ಶುರುವಾದರೆ ತಕ್ಷಣ ಆಸ್ಪತ್ರೆ. ಎರಡು ಮೂರು ದಿನದೊಳಗೆ ಮತ್ತೆ ಅಂಟಿಸಿಕೊಳ್ಳಿ. ತಡವಾದರೆ ಹಲ್ಲುಗಳು ಸರಿದು ಅದೇ ಕ್ಯಾಪ್ ಕೂರದೇ ಹೋಗಬಹುದು.

ಹಂತ 4: ಒಸಡಿನ ಅಂಚನ್ನು ದಿನವೂ ಮೃದುವಾಗಿ ಉಜ್ಜಿ. ಕ್ಯಾಪ್ ಹುಳುಕಾಗುವುದಿಲ್ಲ, ಅದರಡಿಯ ಹಲ್ಲು ಆಗುತ್ತದೆ. ಬಿಡದ ವಾಸನೆ, ರಕ್ತ ಅದರ ಸುಳಿವು.

ಹಂತ 5: ಕೆನ್ನೆ ಊದಿದರೆ, ಜ್ವರ ಬಂದರೆ ಅದೇ ದಿನ ಡಾಕ್ಟರ ಬಳಿ ಹೋಗಿ. ನುಂಗಲು, ಉಸಿರಾಡಲು ಕಷ್ಟವಾದರೆ 108ಕ್ಕೆ ಕರೆ ಮಾಡಿ. ನೋವಿನ ಮಾತ್ರೆಯನ್ನು ಒಸಡಿಗೆ ಒತ್ತಿಟ್ಟುಕೊಂಡರೆ ಒಸಡು ಸುಡುತ್ತದೆ.

ಕ್ಯಾಪ್ ಹಾಕಿದ ಕ್ಲಿನಿಕ್ ಮುಚ್ಚಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಇಲ್ಲವೇ ಬೆಂಗಳೂರಿನ ಕೋಟೆ ಪ್ರದೇಶದ ಸರ್ಕಾರಿ ದಂತ ಕಾಲೇಜಿಗೆ ಹೋಗಿ. ನೆಲಮಂಗಲದವರು ಮಾದಾವರದಲ್ಲಿ ಮೆಟ್ರೋ ಹತ್ತಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದರಾಯಿತು. ಹಳೆಯ ಎಕ್ಸ್‌ರೇ, ಕ್ಯಾಪಿನ ವಾರಂಟಿ ಕಾರ್ಡ್ ಜೊತೆಗಿರಲಿ.