ಹೊಸಬರು ಬಂದರು

ನಮ್ಮದು ತಾಲ್ಲೂಕು ಊರಿನ ಒಂದು ಸಣ್ಣ ಬೀದಿ. ಇಲ್ಲಿ ಹದಿನೆಂಟು ಮನೆಗಳಿವೆ. ಎಲ್ಲರಿಗೂ ಎಲ್ಲರ ಪರಿಚಯ ಇದೆ. ಹಬ್ಬ ಬಂದರೆ ಕೂಡಿ ಮಾಡುತ್ತೇವೆ. ಸಾವು ನೋವು ಬಂದರೆ ಓಡಿ ಹೋಗುತ್ತೇವೆ. ನಾವು ಒಳ್ಳೆಯವರು ಅಂತ ನಾವೇ ಅಂದುಕೊಂಡಿದ್ದೆವು.

ಆಷಾಢ ಕಳೆದು ಶ್ರಾವಣ ಬಂದಿತ್ತು. ಆಷಾಢದಲ್ಲಿ ನಮ್ಮ ಕಡೆ ಬಹಳ ಜನ ಮನೆ ಬದಲಿಸುವುದಿಲ್ಲ. ಒಂದು ಸಂಜೆ ಕೊನೆಯ ಮನೆ ಮುಂದೆ ಟೆಂಪೋ ಬಂದು ನಿಂತಿತು. ಗಂಡ, ಹೆಂಡತಿ, ಇಬ್ಬರು ಮಕ್ಕಳು ಇಳಿದರು. ಗಂಡನಿಗೆ ಅಕ್ಕಿ ಗಿರಣಿಯಲ್ಲಿ ಕೆಲಸ ಸಿಕ್ಕಿತ್ತು. ಒಂದು ಟ್ರಂಕು, ಎರಡು ಚೀಲ ಪಾತ್ರೆ, ಒಂದು ಮಂಚ, ಒಂದು ರುಬ್ಬುವ ಕಲ್ಲು. ಇಷ್ಟೇ ಅವರ ಸಾಮಾನು.

ನಾವು ಜಗಲಿ ಮೇಲೆ ಕೂತು ನೋಡಿದೆವು. ಯಾರೂ ಎದ್ದು ಒಂದು ಕೈ ಹಿಡಿಯಲಿಲ್ಲ. ನಮ್ಮಲ್ಲಿ ಒಬ್ಬರು ಕೇಳಿದ್ದು ಒಂದೇ ಮಾತು. “ನೀವು ಯಾವ ಜನ?” ಆಕೆ ಏನೂ ಹೇಳಲಿಲ್ಲ. ತಲೆ ತಗ್ಗಿಸಿ ಒಳಗೆ ಹೋದಳು.

ಕತ್ತಲಾಯಿತು. ಆ ಮನೆಯಲ್ಲಿ ಒಂದು ತೊಟ್ಟು ನೀರಿರಲಿಲ್ಲ. ಆಕೆ ಬಿಂದಿಗೆ ಹಿಡಿದು ಹೊರಗೆ ಬಂದಳು. ಬೀದಿಯ ಮೂಲೆಯಲ್ಲಿ ಕೈಪಂಪು ಕಂಡಿತು. ನೀರು ತುಂಬಿಕೊಂಡು ಹೋದಳು.

ಆ ಪಂಪಿನ ಪಕ್ಕದಲ್ಲೇ ಚರಂಡಿ ಇದೆ. ಮಳೆ ಬಂದರೆ ಚರಂಡಿ ತುಂಬಿ ಹರಿಯುತ್ತದೆ. ನಾವು ಆ ನೀರನ್ನು ಪಾತ್ರೆ ಬಟ್ಟೆ ತೊಳೆಯಲು ಮಾತ್ರ ಬಳಸುತ್ತೇವೆ. ಕುಡಿಯಲು ನಲ್ಲಿ ನೀರು ಹಿಡಿದಿಡುತ್ತೇವೆ. ಇದು ನಮ್ಮ ಬೀದಿಯ ಮಕ್ಕಳಿಗೂ ಗೊತ್ತು. ಆದರೆ ಆಕೆಗೆ ಗೊತ್ತಿರಲಿಲ್ಲ. ನಾವು ನೋಡುತ್ತಾ ಇದ್ದೆವು. ಹೇಳಲಿಲ್ಲ.

ಮೂರನೇ ದಿನ ನಡುರಾತ್ರಿ ಬಾಗಿಲು ಬಡಿದ ಸದ್ದಾಯಿತು. “ಅಣ್ಣಾ, ಆಸ್ಪತ್ರೆ ಎಲ್ಲಿದೆ? ಮಗು ಕಣ್ಣೇ ಬಿಡ್ತಿಲ್ಲ” ಅಂತ ಆ ಮನೆಯವರು ಅಳುತ್ತಾ ನಿಂತಿದ್ದರು. ಚಿಕ್ಕ ಮಗುವಿಗೆ ಬೆಳಗಿನಿಂದ ವಾಂತಿ ಭೇದಿ ಆಗಿತ್ತು. ಯಾರನ್ನು ಕೇಳಬೇಕೋ ತಿಳಿಯದೆ ಅವರು ಕಾದಿದ್ದರು. ನಮ್ಮ ಬೀದಿಯ ಆಟೋದಲ್ಲಿ ಮಗುವನ್ನು ಕರೆದುಕೊಂಡು ಹೋದೆವು. ಡಾಕ್ಟರು ಗ್ಲೂಕೋಸ್ ಏರಿಸಿದರು. “ಮೈಯಲ್ಲಿ ನೀರೇ ಇಲ್ಲ. ಇನ್ನು ಸ್ವಲ್ಪ ಹೊತ್ತು ತಡ ಮಾಡಿದ್ದರೆ ಮಗು ಉಳಿಯೋದು ಕಷ್ಟ ಇತ್ತು” ಎಂದರು. ಆಮೇಲೆ “ಎಲ್ಲಿಯ ನೀರು ಕುಡಿದಿರಿ?” ಎಂದು ಕೇಳಿದರು.

“ಮೂಲೆ ಪಂಪಿನ ನೀರು” ಎಂದಳು ತಾಯಿ.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾಚಿಕೆಯಾಯಿತು. ಮಗು ಉಳಿಯಿತು. ಆದರೆ ಆ ರಾತ್ರಿ ನಾವು ಮರೆತಿಲ್ಲ.

ಮರುದಿನ ನಮ್ಮ ಬೀದಿಯ ಅಜ್ಜಿ ಹೇಳಿದರು: “ನಮಗೆ ಗೊತ್ತಿರೋದು ಹೊಸಬರಿಗೆ ಹೆಂಗೆ ಗೊತ್ತಾಗುತ್ತೆ? ನಾವೇ ಹೇಳಬೇಕಿತ್ತು. ನಾನೂ ಮದುವೆಯಾಗಿ ಈ ಬೀದಿಗೆ ಬಂದವಳೇ. ನೀವೂ ಹಂಗೇ ಬಂದವರು. ಮೊದಲನೇ ದಿನ ಎಷ್ಟು ಭಯ ಆಗಿತ್ತು ಅನ್ನೋದನ್ನ ಮರೆತುಬಿಟ್ರಾ?”

ಅಜ್ಜಿಯ ಮಾತು ನಿಜ. ಮದುವೆಯಾಗಿ ಬರುವವರು, ಕೂಲಿ ಹುಡುಕಿ ಬರುವವರು, ವರ್ಗವಾಗಿ ಬರುವವರು, ಬಾಡಿಗೆ ಹೆಚ್ಚಾಯಿತು ಅಂತ ಬರುವವರು, ಎಲ್ಲರೂ ಒಂದು ದಿನ ಹೊಸಬರೇ. ಕೆಲವು ಸಲ ಊರಿಗೆ ಊರೇ ಏಳಬೇಕಾಗುತ್ತದೆ. 1964ರಲ್ಲಿ ಶರಾವತಿ ನದಿಗೆ ಲಿಂಗನಮಕ್ಕಿ ಅಣೆಕಟ್ಟೆ ಆಯಿತು. ಮಲೆನಾಡಿನ ಎಷ್ಟೋ ಹಳ್ಳಿಗಳು ಮುಳುಗಿದವು. ಕೃಷ್ಣಾ ನದಿಗೆ ಆಲಮಟ್ಟಿ ಅಣೆಕಟ್ಟೆ ಕಟ್ಟಿದಾಗ ಹಳೆಯ ಬಾಗಲಕೋಟೆಯ ಒಂದು ಭಾಗಕ್ಕೆ ಹಿನ್ನೀರು ಬಂತು. ಅಲ್ಲಿಯವರಿಗಾಗಿ ನವನಗರ ಕಟ್ಟಿದರು. ಮನೆಗೆ ಬೇರೆ ಜಾಗ ಸಿಗಬಹುದು. ನೆರೆಹೊರೆಯನ್ನು ಮಾತ್ರ ಜನರೇ ಕಟ್ಟಿಕೊಳ್ಳಬೇಕು.

ಅಂದೇ ನಾವೆಲ್ಲ ಸೇರಿ ಮಾತಾಡಿದೆವು. ಹೊಸಬರು ಬಂದಾಗ ಏನು ಮಾಡಬೇಕು ಎಂದು ತೀರ್ಮಾನಿಸಿದೆವು.

ಹೊಸಬರು ಬಂದಾಗ ನಾವು ಮಾಡುವುದು

1. ಮೊದಲು ಒಂದು ಬಿಂದಿಗೆ ಕುಡಿಯುವ ನೀರು ಕೊಡುತ್ತೇವೆ. ಆ ರಾತ್ರಿ ಅವರ ಒಲೆ ಹೊತ್ತುವುದು ತಡ. ಅದಕ್ಕೆ ಮಕ್ಕಳಿಗೆ ಊಟವನ್ನೂ ಕೊಡುತ್ತೇವೆ.

2. ಸಾಮಾನು ಇಳಿಸಲು ಕೈಗೂಡಿಸುತ್ತೇವೆ. ರುಬ್ಬುವ ಕಲ್ಲು, ಮಂಚ, ಬೀರು ಇವನ್ನು ಒಬ್ಬರೇ ಎತ್ತಿದರೆ ಸೊಂಟ ಹಿಡಿಯುತ್ತದೆ.

3. ಬೀದಿಯ ವಿಷಯ ಹೇಳುತ್ತೇವೆ. ನಲ್ಲಿ ನೀರು ಯಾವಾಗ ಬರುತ್ತದೆ? ಯಾವ ನೀರು ಕುಡಿಯಬಾರದು? ಕಸದ ಗಾಡಿ ಎಷ್ಟು ಗಂಟೆಗೆ ಬರುತ್ತದೆ? ಆಸ್ಪತ್ರೆ, ಅಂಗನವಾಡಿ, ಶಾಲೆ, ಪಡಿತರ ಅಂಗಡಿ ಎಲ್ಲಿವೆ? ಆಶಾ ಕಾರ್ಯಕರ್ತೆಯ ಮನೆ ಯಾವುದು?

4. ರಾತ್ರಿ ಏನಾದರೂ ಆದರೆ ಯಾರ ಬಾಗಿಲು ಬಡಿಯಬೇಕು ಎಂದು ತೋರಿಸುತ್ತೇವೆ. 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ ಎಂದೂ ತಿಳಿಸುತ್ತೇವೆ.

5. ಜಾತಿ ಕೇಳುವುದಿಲ್ಲ. “ಊಟ ಆಯ್ತಾ?” ಅಂತ ಕೇಳುತ್ತೇವೆ.

ಕೈಪಂಪಿಗೆ ಒಂದು ಹಲಗೆ ಕಟ್ಟಿದ್ದೇವೆ. “ಈ ನೀರು ಕುಡಿಯಬೇಡಿ” ಎಂದು ಬರೆದಿದ್ದೇವೆ. ಅದನ್ನು ಬರೆದವರು ನಮ್ಮ ಕಲಿಕಾ ಕೇಂದ್ರದಲ್ಲಿ ಅಕ್ಷರ ಕಲಿತ ಒಬ್ಬ ಅಕ್ಕ. ಓದಲು ಬಾರದವರಿಗೆ ಬಾಯಲ್ಲೇ ಹೇಳುತ್ತೇವೆ.

ಮನೆ ಬದಲಿಸುವವರು ಮಾಡಬೇಕಾದದ್ದು

ಮನೆ ಬದಲಿಸುವವರೂ ಮೊದಲೇ ತಯಾರಿ ಮಾಡಿಕೊಂಡರೆ ಕಷ್ಟ ಕಡಿಮೆ.

ಕಾಗದ ಪತ್ರಗಳನ್ನು ಒಂದೇ ಚೀಲದಲ್ಲಿ ಹಾಕಿ. ಪಡಿತರ ಚೀಟಿ, ಆಧಾರ್, ಬ್ಯಾಂಕ್ ಪುಸ್ತಕ, ಮಕ್ಕಳ ಲಸಿಕೆ ಕಾರ್ಡ್, ಗರ್ಭಿಣಿಯಿದ್ದರೆ ತಾಯಿ ಕಾರ್ಡ್. ಆ ಚೀಲ ಟೆಂಪೋದಲ್ಲಿ ಬೇಡ, ನಿಮ್ಮ ಕೈಯಲ್ಲಿ ಇರಲಿ.

ಮೊದಲ ರಾತ್ರಿಗೆ ಬೇಕಾದ್ದನ್ನು ಬೇರೆ ಗಂಟು ಕಟ್ಟಿ. ಟಾರ್ಚು, ಬೆಂಕಿಪೊಟ್ಟಣ, ಚಾಪೆ, ಹೊದಿಕೆ, ಒಂದು ಪಾತ್ರೆ, ಅಕ್ಕಿ, ಉಪ್ಪು, ಔಷಧಿ. ಎಲ್ಲವೂ ಮೂಟೆಯ ಅಡಿಯಲ್ಲಿ ಸೇರಿದರೆ ಕತ್ತಲಲ್ಲಿ ಹುಡುಕಬೇಕಾಗುತ್ತದೆ.

ಶಾಲೆಯಿಂದ ಮಕ್ಕಳ ವರ್ಗಾವಣೆ ಪತ್ರ, ಅಂದರೆ ಟಿ.ಸಿ. ಕೇಳಿ. ಅದು ಬರುವುದು ತಡವಾದರೂ ಮಗು ಮನೆಯಲ್ಲಿ ಕೂರಬೇಕಾಗಿಲ್ಲ. ಟಿ.ಸಿ. ತಡವಾಯಿತು ಎಂದು 6ರಿಂದ 14 ವರ್ಷದ ಮಕ್ಕಳಿಗೆ ಸರ್ಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಹೀಗೆ ಹೇಳುತ್ತದೆ.

ಪಡಿತರಕ್ಕಾಗಿ ಹಳೇ ಊರಿಗೆ ಓಡಾಡಬೇಕಾಗಿಲ್ಲ. ಚೀಟಿಗೆ ಆಧಾರ್ ಜೋಡಣೆ ಆಗಿದ್ದರೆ ಹೊಸ ಊರಿನ ನ್ಯಾಯಬೆಲೆ ಅಂಗಡಿಯಲ್ಲೇ ಬೆರಳಚ್ಚು ಕೊಟ್ಟು ಕೇಳಬಹುದು.

ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ನಮೂನೆ 8 ತುಂಬಿ ಕೊಡಬೇಕು. ಹೆಸರು ಹಳೇ ಊರಿನಲ್ಲೇ ಉಳಿದರೆ ಹೊಸ ಊರಿನಲ್ಲಿ ಮತ ಹಾಕಲು ಆಗುವುದಿಲ್ಲ.

ಹೊಸ ಮನೆಯಲ್ಲಿ ಹಾಲು ಉಕ್ಕಿಸುವುದು ನಮ್ಮಲ್ಲಿ ಪದ್ಧತಿ. ಒಳ್ಳೆಯದೇ. ಆ ಹಾಲನ್ನು ಪಕ್ಕದ ಮನೆಯವರಿಗೂ ಒಂದೊಂದು ಲೋಟ ಕೊಡಿ. ಅಲ್ಲಿಂದಲೇ ಪರಿಚಯ ಶುರುವಾಗುತ್ತದೆ. ಗೊತ್ತಿಲ್ಲದ್ದನ್ನು ಕೇಳಲು ನಾಚಬೇಡಿ.

ಮುಂದಿನ ವರ್ಷ ನಮ್ಮ ಬೀದಿಗೆ ಮತ್ತೊಂದು ಸಂಸಾರ ಬಂತು. ಟೆಂಪೋ ನಿಲ್ಲುವ ಮೊದಲೇ ಬಿಂದಿಗೆ ನೀರು ಹೊತ್ತುಕೊಂಡು ಒಬ್ಬಳು ಬಂದು ನಿಂತಳು. ಅವಳು ಬೇರೆ ಯಾರೂ ಅಲ್ಲ. ಕೊನೆಯ ಮನೆಯ ಆ ತಾಯಿ. ಅವಳ ಮಗು ಸೆರಗು ಹಿಡಿದು ಪಕ್ಕದಲ್ಲಿ ನಿಂತಿತ್ತು. “ಅಕ್ಕಾ, ಇದು ಕುಡಿಯೋ ನೀರು. ಮೂಲೆ ಪಂಪಿನದು ಕುಡೀಬೇಡಿ” ಎಂದಳು.

ನಾವು ಜಗಲಿಯಿಂದ ಎದ್ದೆವು. ಸಾಮಾನು ಇಳಿಸಲು ಹೋದೆವು.

ಯೋಚಿಸಿ, ಮಾತಾಡಿ

1. ಮಗುವಿಗೆ ಕಾಯಿಲೆ ಬರಲು ಕಾರಣ ಏನು? ಅದು ನೀರಿನ ತಪ್ಪು ಮಾತ್ರವೇ?
2. ನಿಮ್ಮ ಬೀದಿಗೆ ಹೊಸಬರು ಬಂದರೆ ಯಾವ ಮೂರು ವಿಷಯ ಮೊದಲು ಹೇಳುತ್ತೀರಿ?
3. ನೀವು ಹೊಸ ಊರಿಗೆ ಹೋದಾಗ ಮೊದಲು ಸಹಾಯ ಮಾಡಿದವರು ಯಾರು?

ಬರೆಯಿರಿ

ನಿಮ್ಮ ಬೀದಿಯಲ್ಲಿ ಎಲ್ಲರೂ ಓದಬೇಕಾದ ಒಂದು ಹಲಗೆ ಬರೆಯಿರಿ. ಎಲ್ಲಿ ಕಟ್ಟುತ್ತೀರಿ ಎಂದು ಹೇಳಿ.